ಎರಡನೆಯ ಗುರು

ವಯಸ್ಸಾದ ಮೇಲೆ ಸಂಗೀತ ಕಲಿಯತೊಡಗಿದವರು ಈಗ ನಮ್ಮ ಊರುಗಳಲ್ಲಿ ವಿರಳರೇನೂ ಅಲ್ಲ. ವಿಜಯಪುರದ ಯಾವ ಓಣಿಯಲ್ಲಿ ಸಂಜೆ ಅಡ್ಡಾಡಿದರೂ ಒಂದಿಲ್ಲೊಂದು ಮನೆಯ ಒಳಗಿನಿಂದ ಪೇಟಿಯ ಸ್ವರವೂ, ಅದರ ಹಿಂದೆ ತುಸು ಅಳುಕುತ್ತ ಬರುವ ಪ್ರೌಢ ಕಂಠವೊಂದೂ ಕೇಳಿಬರುತ್ತವೆ. ನಿವೃತ್ತರಾದ ಅಧ್ಯಾಪಕರು, ಮಕ್ಕಳನ್ನು ದಡ ಸೇರಿಸಿದ ಗೃಹಿಣಿಯರು, ಬ್ಯಾಂಕಿನ ಲೆಕ್ಕ ಮುಗಿಸಿ ಬಂದವರು, ದ್ರಾಕ್ಷಿಯ ಹಂಗಾಮು ತೀರಿದ ಮೇಲೆ ಬಿಡುವಾಗುವ ತಿಕೋಟಾ ಕಡೆಯ ರೈತರು ಹೀಗೆ ಹಲವು ಬಗೆಯ ಜನ ನಲವತ್ತು, ಐವತ್ತು, ಅರವತ್ತರ ವಯಸ್ಸಿನಲ್ಲಿ ಸಾ ಹಚ್ಚಿ ಕುಳಿತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಎರಡು ಮೂರು ವರ್ಷಗಳು ಕಳೆಯುತ್ತಲೇ ಇವರಲ್ಲಿ ಅನೇಕರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದನ್ನು ಅವರು ಗಟ್ಟಿಯಾಗಿ ಕೇಳುವುದಿಲ್ಲ. ವಾಯುಸಂಚಾರದಲ್ಲಿ ಜೊತೆಯಾದಾಗ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿ ಕೇಳುತ್ತಾರೆ: "ನಮ್ಮ ಮಾಸ್ತರರನ್ನು ಬಿಟ್ಟು ಬೇರೆಯವರ ಹತ್ತಿರ ಹೋಗಬೇಕೆನ್ನಿಸುತ್ತದೆ. ಹೋಗಬಹುದೆ?"

ಮೇಲ್ನೋಟಕ್ಕೆ ಇದು ಸಣ್ಣ ಪ್ರಶ್ನೆ. ದರ್ಜಿಯನ್ನು ಬದಲಿಸುತ್ತೇವೆ, ವೈದ್ಯರನ್ನು ಬದಲಿಸುತ್ತೇವೆ. ಹಾಡು ಕಲಿಸುವವರನ್ನು ಬದಲಿಸುವುದಕ್ಕೆ ಇಷ್ಟೊಂದು ಸಂಕೋಚವೇಕೆ? ಸಂಕೋಚವಿದೆ ಎಂಬುದೇ ಈ ಸಂಬಂಧದ ಸ್ವರೂಪವನ್ನು ತಿಳಿಸುತ್ತದೆ. ಗಣಿತ ಕಲಿಸುವವನು ಹಲಗೆಯ ಮೇಲೆ ಬರೆದು ಕಲಿಸುತ್ತಾನೆ. ಹಾಡು ಕಲಿಸುವವನು ತನ್ನ ಉಸಿರಿನಿಂದ ನಮ್ಮ ಉಸಿರಿಗೆ ಕಲಿಸುತ್ತಾನೆ. ನಾವು ಬೇಸುರಾಗಿ ಹಾಡುವುದನ್ನು, ನಮ್ಮ ದನಿ ಒಡೆಯುವುದನ್ನು, ಬೇರೆಯವರ ಮುಂದೆ ತೋರಗೊಡದ ನಮ್ಮ ಅಂಜಿಕೆಯನ್ನು ವಾರ ವಾರವೂ ಕಂಡವನು ಅವನೊಬ್ಬನೇ. ಅಂಥವನಿಗೆ ಬೆನ್ನು ತಿರುಗಿಸುವುದು ಸುಲಭವಲ್ಲ.

ನಮ್ಮ ಹಿರಿಯರು ಗುರುಗಳಲ್ಲಿ ಎರಡು ಬಗೆಯನ್ನು ಎಣಿಸಿದ್ದಾರೆ: ದೀಕ್ಷಾಗುರು ಮತ್ತು ಶಿಕ್ಷಾಗುರು. ದೀಕ್ಷೆ ಕೊಟ್ಟವನು ಒಬ್ಬನೇ. ಅವನನ್ನು ಬಿಡುವ ಮಾತಿಲ್ಲ. ಶಿಕ್ಷಣ ಕೊಡುವವರಾದರೋ ಹಲವರಿರಬಹುದು. ಭಾಗವತದ ಅವಧೂತನು ಭೂಮಿ, ಗಾಳಿ, ಜೇನುಹುಳ, ಹೆಬ್ಬಾವು ಮೊದಲಾದ ಇಪ್ಪತ್ತನಾಲ್ಕು ಗುರುಗಳನ್ನು ಹೆಸರಿಸುತ್ತಾನೆ. ಒಬ್ಬೊಬ್ಬರಿಂದ ಒಂದೊಂದು ಪಾಠವನ್ನು ಪಡೆದೆನೆಂದು ಹೇಳಿ ಯಾರಿಗೂ ದ್ರೋಹ ಬಗೆದಂತೆ ಭಾವಿಸುವುದಿಲ್ಲ. ಹಾಗಿದ್ದಲ್ಲಿ ಸಂಗೀತದಲ್ಲಿ ಮಾತ್ರ ತೊಡಕೇಕೆ? ಏಕೆಂದರೆ ಹಿಂದುಸ್ತಾನಿ ಪರಂಪರೆಯಲ್ಲಿ ಈ ಎರಡು ಬಗೆಗಳೂ ಒಂದರಲ್ಲೊಂದು ಬೆರೆತುಹೋಗಿವೆ. ಉಸ್ತಾದನು ಶಿಷ್ಯನ ಮುಂಗೈಗೆ ಗಂಡಾ ಎಂಬ ದಾರವನ್ನು ಕಟ್ಟಿದ ಗಳಿಗೆಗೆ ಶಿಕ್ಷಣವು ದೀಕ್ಷೆಯಾಗುತ್ತದೆ. ವಿದ್ಯೆಯು ವಂಶದ ಸೊತ್ತಾಗಿ ಬರುತ್ತಿದ್ದ ಕಾಲದಲ್ಲಿ ಆ ದಾರವೇ ಹೊರಗಿನವನನ್ನು ಮನೆತನದೊಳಗೆ ಸೇರಿಸುವ ಸಾಧನವಾಗಿತ್ತು. ಇಂದು ನಮ್ಮ ಪ್ರೌಢ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಮುಂಗೈಯಲ್ಲಿ ಆ ದಾರವಿಲ್ಲ. ತಿಂಗಳಿಗೆ ಇಷ್ಟೆಂದು ಶುಲ್ಕ ಕೊಟ್ಟು, ವಾರಕ್ಕೆ ಎರಡು ದಿನ ಪಾಠ ಹೇಳಿಸಿಕೊಳ್ಳುವವರು ಅವರು. ದಾರವಿಲ್ಲದಿದ್ದರೂ ದಾರದ ಬಿಗಿತ ಮಾತ್ರ ಮನಸ್ಸಿನಲ್ಲಿ ಉಳಿದಿದೆ. ಈ ಬಿಗಿತವನ್ನು ಹಳೆಯ ಮೂಢತನವೆಂದು ತಳ್ಳಿಹಾಕುವುದು ನನಗೆ ಒಪ್ಪಿತವಲ್ಲ. ಅದನ್ನು ಪ್ರಶ್ನಿಸದೆ ತಲೆಬಾಗುವುದೂ ಒಪ್ಪಿತವಲ್ಲ.

ದೊಡ್ಡವರಾದ ಮೇಲೆ ಕಲಿಯಹೊರಡುವುದು ನಮ್ಮ ನೆಲಕ್ಕೆ ಹೊಸದಲ್ಲ. ವಿಜಯಪುರದಿಂದ ತಿಕೋಟಾ ಕಡೆಗೆ ಹೊರಟರೆ ಮೊದಲಿಗೆ ತೊರವಿ ಸಿಗುತ್ತದೆ. ಕುಮಾರವಾಲ್ಮೀಕಿಯ ಹೆಸರಿನಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ಈ ಊರಿನ ಬಳಿಯಲ್ಲಿಯೇ ಎರಡನೆಯ ಇಬ್ರಾಹಿಂ ಆದಿಲಶಾಹನು ೧೫೯೯ರಲ್ಲಿ ನೌರಸಪುರವೆಂಬ ನಗರವನ್ನು ಕಟ್ಟತೊಡಗಿದನು. ೧೫೮೦ರಿಂದ ೧೬೨೭ರವರೆಗೆ ಆಳಿದ ಈ ಅರಸನು ಸಂಗೀತದ ಹುಚ್ಚಿನವನು. ಸರಸ್ವತಿ ಗಣಪತಿಯರನ್ನು ಸ್ತುತಿಸುವ ಹಾಡುಗಳನ್ನು ದಖನಿ ಭಾಷೆಯಲ್ಲಿ ರಾಗಗಳಿಗೆ ಹೊಂದಿಸಿ 'ಕಿತಾಬೆ ನೌರಸ್' ಎಂಬ ಗ್ರಂಥವನ್ನು ರಚಿಸಿದನು. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಅದನ್ನು ಹಾಡಿನಲ್ಲಿ ಕೊಂಡಾಡಿದನು. ಪ್ರಜೆಗಳು ಅವನನ್ನು ಜಗದ್ಗುರು ಎಂದು ಕರೆದರು. ಇಂಥ ಜಗದ್ಗುರುವಿಗೂ ಒಬ್ಬ ಗುರುವಿದ್ದನು. ಬಖ್ತರಖಾನನೆಂಬ ಕಲಾವಂತನನ್ನು ಆದಿಲಶಾಹನು ಧ್ರುಪದ ಗಾಯನದಲ್ಲಿ ತನ್ನ ಗುರುವನ್ನಾಗಿ ಮಾಡಿಕೊಂಡು, ತನ್ನ ಸಹೋದರನ ಮಗಳನ್ನೇ ಅವನಿಗೆ ಮದುವೆ ಮಾಡಿಕೊಟ್ಟಿದ್ದನೆಂದು ಮೊಗಲ ಬಾದಶಹ ಜಹಾಂಗೀರನು ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ. ಬರೆಯಲು ಕಾರಣವೇನು? ಆ ಬಖ್ತರಖಾನನು ಫಕೀರನ ವೇಷದಲ್ಲಿ ಜಹಾಂಗೀರನ ದರಬಾರಿಗೆ ಬಂದು ನಿಂತಿದ್ದನು! ಶಿಷ್ಯನು ಗುರುವನ್ನು ಬಿಡುವುದರ ಬಗೆಗೆ ನಾವಿಲ್ಲಿ ಚಿಂತಿಸುತ್ತಿದ್ದೇವೆ. ಗುರುವೇ ಹೊರಟುಹೋಗುವುದೂ ಉಂಟು, ಶಿಷ್ಯನು ಅರಸನಾಗಿದ್ದರೂ.

ಇನ್ನೊಂದು ನೆನಪು ಬಬಲೇಶ್ವರ ಸೀಮೆಯದು. ೧೭ನೆಯ ಶತಮಾನದ ಮಹಿಪತಿದಾಸರು ಆದಿಲಶಾಹಿ ದರಬಾರಿನಲ್ಲಿ ಅಧಿಕಾರದಲ್ಲಿದ್ದವರು, ಸಂಸಾರಸ್ಥರು. ಪ್ರಾಪ್ತವಯಸ್ಕರಾದ ಮೇಲೆ ಅವರ ಮನಸ್ಸು ಬೇರೆ ದಿಕ್ಕಿಗೆ ತಿರುಗಿತು. ಐತಿಹ್ಯ ಹೇಳುವಂತೆ, ಅವರನ್ನು ಮೊದಲು ಎಚ್ಚರಿಸಿದವರು ವಿಜಯಪುರದ ಕೋಟೆಯ ಬಳಿ ಇದ್ದ ಸೂಫಿ ಅವಧೂತರು. ಆ ಅವಧೂತರು ಇವರನ್ನು ತಮ್ಮ ಬಳಿಯಲ್ಲಿಯೇ ಇರಿಸಿಕೊಳ್ಳಲಿಲ್ಲ. ಸಾರವಾಡದ ಭಾಸ್ಕರಸ್ವಾಮಿಗಳ ಕಡೆಗೆ ಹೋಗೆಂದು ಕಳಿಸಿದರು. ಆ ಮೇಲೆ ಮಹಿಪತಿದಾಸರು ಕಾಖಂಡಕಿಯಲ್ಲಿ ನೆಲೆಸಿ, ಕನ್ನಡದ ಜೊತೆಗೆ ದಖನಿ ಮರಾಠಿಗಳಲ್ಲಿಯೂ ಹಾಡುಗಳನ್ನು ರಚಿಸಿದರು. ಇಲ್ಲಿ ಮತಭೇದ ಅಡ್ಡ ಬರಲಿಲ್ಲವೆಂಬುದನ್ನು ಎಲ್ಲರೂ ಹೇಳುತ್ತಾರೆ. ನನ್ನ ಗಮನ ಸೆಳೆಯುವುದು ಇನ್ನೊಂದು ಅಂಶ: ಮೊದಲನೆಯ ಗುರುವೇ ಎರಡನೆಯ ಗುರುವಿನ ದಾರಿಯನ್ನು ತೋರಿದನು. ಬಂದವನಿಗೆ ಬೇಕಾದುದು ತನ್ನಲ್ಲಿಲ್ಲ, ಇಂಥಲ್ಲಿ ಇದೆ ಎಂದು ಹೇಳಬಲ್ಲವನು ಗುರುಗಳಲ್ಲಿ ದೊಡ್ಡವನು.

ದಾಸರ ದಾರಿ ಅಧ್ಯಾತ್ಮದ್ದು; ಕಂಠದ ದಾರಿಯಲ್ಲಿ ಏನಾಗಿದೆ ಎಂಬುದನ್ನು ನೋಡಲು ನಮ್ಮ ನೆರೆಯ ಧಾರವಾಡ ಸೀಮೆಗೆ, ನಮಗೆ ಹತ್ತಿರದ ಕಾಲಕ್ಕೆ ಬರೋಣ. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದ್ದ ಭಾಸ್ಕರಬುವಾ ಬಖಲೆಯವರು ಫೈಜ್ ಮಹಮ್ಮದ್ ಖಾನರಲ್ಲಿ, ನತ್ಥನ್ ಖಾನರಲ್ಲಿ, ಅಲ್ಲಾದಿಯಾ ಖಾನರಲ್ಲಿ ಕ್ರಮವಾಗಿ ಕಲಿತವರು. ಮೂರು ಘರಾಣೆಗಳ ವಿದ್ಯೆ ಅವರೊಬ್ಬರಲ್ಲಿ ಸಂಗಮವಾಯಿತು. ಯಲಿವಾಳದ ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಆಶ್ರಯದಲ್ಲಿ ಬೆಳೆದವರು; ೧೯೪೪ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಸವಾಯಿ ಗಂಧರ್ವರು, ಸುರೇಶಬಾಬು ಮಾನೆಯವರು ಮುಂತಾದ ಅನೇಕರಲ್ಲಿ ವಿದ್ಯೆಯನ್ನು ಸಂಪಾದಿಸಿದರು. ಭೀಮಸೇನ ಜೋಶಿಯವರು ೧೯೩೩ರಲ್ಲಿ, ಇನ್ನೂ ಬಾಲಕರಿದ್ದಾಗ, ಗುರುವನ್ನು ಅರಸಿ ಮನೆ ಬಿಟ್ಟು ಉತ್ತರದ ಕಡೆ ಅಲೆದರು. ಜಾಲಂಧರದಲ್ಲಿ ಅವರನ್ನು ಕಂಡ ವಿನಾಯಕರಾವ್ ಪಟವರ್ಧನರು ಊರಿಗೆ ಮರಳಿ ಸವಾಯಿ ಗಂಧರ್ವರಲ್ಲಿ ಕಲಿಯಲು ಸೂಚಿಸಿದರು. ದೂರದಲ್ಲಿ ಹುಡುಕಿದ ಗುರು ಕುಂದಗೋಳದಲ್ಲಿಯೇ ಇದ್ದರು.

ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾಗುವ ನಿದರ್ಶನಗಳು ಎರಡು. ಮೊದಲನೆಯದು ಗಂಗೂಬಾಯಿ ಹಾನಗಲ್ಲರದು. ಎಳೆಯ ವಯಸ್ಸಿನಲ್ಲಿ ಕೃಷ್ಣಾಚಾರ್ಯ ಹುಲಗೂರರಲ್ಲಿ, ಆ ಮೇಲೆ ದತ್ತೋಪಂತ ದೇಸಾಯಿಯವರಲ್ಲಿ ಅವರು ಕಲಿತಿದ್ದರು. ಅವರಿಗೆ ಬಂದಿಶುಗಳು ಬರುತ್ತಿದ್ದವು, ಕಛೇರಿಗಳೂ ಆಗುತ್ತಿದ್ದವು. ಆದರೂ ೧೯೩೦ರ ದಶಕದ ಕೊನೆಯಲ್ಲಿ, ಸುಮಾರು ಇಪ್ಪತ್ತೈದರ ವಯಸ್ಸಿನಲ್ಲಿ, ಸಂಸಾರ ಭಾರ ಹೊತ್ತ ತಾಯಿಯಾಗಿ, ಸವಾಯಿ ಗಂಧರ್ವರ ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರತೊಡಗಿದರು. ಅಲ್ಲಿ ದೊರೆತದ್ದು ಹೊಸ ಚೀಜುಗಳ ರಾಶಿಯಲ್ಲ. ಕೆಲವೇ ಪಲುಕುಗಳು, ಅವನ್ನೇ ಮತ್ತೆ ಮತ್ತೆ ತಿದ್ದಿ ತೀಡುವ ಶಿಸ್ತು. ಹಾಡುಗಳ ಸಂಖ್ಯೆ ಹೆಚ್ಚಿಸಿಕೊಳ್ಳಲು ಅವರು ಗುರುವನ್ನು ಅರಸಲಿಲ್ಲ. ಬರುತ್ತಿದ್ದ ಹಾಡಿಗೆ ಆಳವನ್ನು ತಂದುಕೊಳ್ಳಲು ಅರಸಿದರು.

ಎರಡನೆಯದು ಮಲ್ಲಿಕಾರ್ಜುನ ಮನಸೂರರದು. ೧೯೧೦ರಲ್ಲಿ ಹುಟ್ಟಿದ ಮನಸೂರರು ಮೊದಲಿಗೆ ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಪದ್ಧತಿಯ ಪಾಠ ಕಂಡು, ಅನಂತರ ಮಿರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ ವಿದ್ಯೆಯನ್ನು ಪಡೆದರು. ಅವರ ಹೆಸರಾಗಿತ್ತು, ಧ್ವನಿಮುದ್ರಿಕೆಗಳು ಹೊರಬಿದ್ದಿದ್ದವು. ಅಲ್ಲಿಗೇ ನಿಂತಿದ್ದರೂ ಯಾರೂ ಕೊರತೆ ಹೇಳುತ್ತಿರಲಿಲ್ಲ. ಹಾಗಿದ್ದೂ ೧೯೩೫ರ ಸುಮಾರಿಗೆ ಅವರು ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಮಗ ಮಂಜೀಖಾನರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಸುಮಾರು ಒಂದೂವರೆ ವರ್ಷ. ಅಷ್ಟರಲ್ಲಿ, ೧೯೩೭ರಲ್ಲಿ, ಮಂಜೀಖಾನರು ತೀರಿಕೊಂಡರು. ಆಗ ಮನಸೂರರು ಅವರ ತಮ್ಮ ಬುರ್ಜೀಖಾನರಲ್ಲಿ ಕಲಿಕೆಯನ್ನು ಮುಂದುವರಿಸಿದರು. ತಮ್ಮ 'ನನ್ನ ರಸಯಾತ್ರೆ'ಯಲ್ಲಿ ಅವರು ಈ ಗುರುಗಳೆಲ್ಲರನ್ನೂ ನೆನೆದಿದ್ದಾರೆ. ಜೈಪುರ ಘರಾಣೆಯ ಅಪೂರ್ವ ರಾಗಗಳ ಒಡೆಯರೆಂದು ಅವರನ್ನು ನಾವು ಕೊಂಡಾಡುತ್ತೇವೆ. ಆದರೆ ಆ ಕಟ್ಟಡದ ತಳಹದಿಯ ಕಲ್ಲುಗಳು ಮಿರಜದವು.

ಈ ಹಿರಿಯರ ಬಾಳಿನಿಂದ "ದೊಡ್ಡವರೆಲ್ಲ ಗುರುಗಳನ್ನು ಬದಲಿಸಿದ್ದಾರೆ, ನಾವೂ ಬದಲಿಸೋಣ" ಎಂಬ ನೀತಿಯನ್ನು ಹೊರಡಿಸುವುದು ಆತುರದ ಮಾತಾದೀತು. ಅವರು ಬದಲಿಸಿದ ಬಗೆಯನ್ನು ನೋಡಬೇಕು. ಗಂಗೂಬಾಯಿಯವರೂ ಮನಸೂರರೂ ಮೊದಲಿನ ಗುರುಗಳಿಂದ ಪಡೆದುದನ್ನು ಜೀರ್ಣಿಸಿಕೊಂಡು, ಕೈಯಲ್ಲಿ ಒಂದು ಇಡಿಯಾದ ವಿದ್ಯೆಯನ್ನು ಹಿಡಿದುಕೊಂಡು ಮುಂದಿನ ಬಾಗಿಲನ್ನು ತಟ್ಟಿದರು. ತಮ್ಮಲ್ಲಿ ಇಲ್ಲದಿರುವುದು ಯಾವುದೆಂದು ಅವರಿಗೆ ಗೊತ್ತಿತ್ತು. ಹೊಸದು ಬಂದಿತೆಂದು ಹಳೆಯದನ್ನು ಅವರು ಅಳಿಸಿಹಾಕಲಿಲ್ಲ. ಜೀರ್ಣಿಸಿಕೊಂಡದ್ದು, ಕೊರತೆಯನ್ನು ಅರಿತದ್ದು, ಹಳೆಯದನ್ನು ಉಳಿಸಿಕೊಂಡದ್ದು ಈ ಮೂರೂ ಇದ್ದಾಗ ಅದು ಬಿಟ್ಟುಹೋಗುವುದಲ್ಲ, ಮುಂದೆ ಹೋಗುವುದು.

ಇನ್ನು ನಮ್ಮಂಥವರ ಮಾತು. ನಾವು ಮನಸೂರರಲ್ಲ, ಗಂಗೂಬಾಯಿಯವರಲ್ಲ. ಕಛೇರಿ ಮಾಡುವ ಹಂಬಲವೂ ನಮಗಿಲ್ಲ. ಒಂದು ಯಮನವನ್ನು, ಒಂದು ಭೂಪವನ್ನು ಸುರೀಲಾಗಿ ಹಾಡಿ ಮನೆಯವರು ಕಿವಿಗೊಟ್ಟು ಕೇಳುವಂತಾದರೆ ಸಾಕು. ಆದರೂ ಪ್ರೌಢ ವಿದ್ಯಾರ್ಥಿಯ ಅತೃಪ್ತಿಗೆ ಒಂದು ವಿಶೇಷ ಕಾರಣವಿದೆ. ಅದನ್ನು ಅರಿತುಕೊಳ್ಳದೆ ಗುರುವನ್ನು ಬದಲಿಸಿದರೆ ಆ ಅತೃಪ್ತಿ ಹೊಸ ಮನೆಗೂ ನಮ್ಮ ಹಿಂದೆಯೇ ಬರುತ್ತದೆ. ಮಗುವಿನ ಕಿವಿಯೂ ಗಂಟಲೂ ಕೂಡಿಯೇ ಬೆಳೆಯುತ್ತವೆ. ತಾನು ಹಾಡಿದ್ದು ಎಷ್ಟು ಸಾಮಾನ್ಯವೆಂದು ಮಗುವಿಗೆ ತಿಳಿಯದು; ಆದುದರಿಂದ ಅದು ಸಂತೋಷದಿಂದ ಹಾಡುತ್ತದೆ. ನಮ್ಮ ಪಾಡು ಬೇರೆ. ೧೯೫೦ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಆರಂಭವಾದಂದಿನಿಂದ ನಮ್ಮ ಭಾಗದ ಮನೆಗಳಲ್ಲಿ ಬೆಳಗಿನ ಹೊತ್ತು ಮನಸೂರರು, ಭೀಮಸೇನರು, ಗಂಗೂಬಾಯಿಯವರು ಹಾಡುತ್ತ ಬಂದಿದ್ದಾರೆ. ನಾಲ್ಕೈದು ದಶಕ ಅವರನ್ನು ಕೇಳಿದ ಕಿವಿ ನಮ್ಮದು. ಅಂದಮೇಲೆ ಐವತ್ತು ವರ್ಷದ ಕಿವಿಯ ಪಕ್ಕದಲ್ಲಿ ಎರಡು ವರ್ಷದ ಗಂಟಲನ್ನು ಇರಿಸಿಕೊಂಡು ನಾವು ಕಲಿಯಲು ಕುಳಿತಿದ್ದೇವೆ. ಕಿವಿ ಕೇಳುವುದನ್ನು ಗಂಟಲು ಕೊಡಲಾರದು. ಈ ಅಂತರದಿಂದ ಹುಟ್ಟುವ ಬೇಗುದಿಗೆ ಹೊಣೆಗಾರರನ್ನು ಹುಡುಕುವಾಗ ಎದುರಿಗೆ ಕಾಣುವವರು ಮಾಸ್ತರರೇ!

ಇನ್ನೊಂದು ತೊಡಕು ಕಾಲದ್ದು. ಹತ್ತು ವರ್ಷದ ಹುಡುಗನಿಗೆ "ಮೂರು ವರ್ಷ ಖರ್ಜ ಹಾಕು" ಎಂದರೆ ಅವನ ಮುಂದೆ ಇನ್ನೂ ಅರವತ್ತು ವರ್ಷಗಳಿವೆ. ಅರವತ್ತರವನಿಗೆ ಹಾಗೆ ಹೇಳಿದರೆ ಅವನು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಾನೆ. ಉಸಿರು ಮೊದಲಿನಷ್ಟು ನಿಲ್ಲದು, ತಾರ ಸಪ್ತಕ ವರ್ಷ ವರ್ಷಕ್ಕೂ ದೂರ ಸರಿಯುತ್ತದೆ. ಇದು ಅಧೈರ್ಯದ ಮಾತಲ್ಲ, ದೇಹಧರ್ಮ. ಆದುದರಿಂದ ಪ್ರೌಢ ವಿದ್ಯಾರ್ಥಿಯು "ನನಗೆ ಸಮಯ ಕಡಿಮೆ" ಎಂದರೆ ಅದನ್ನು ಅವಸರವೆಂದು ಹೀಗಳೆಯಬಾರದು. ಅವನ ವಯಸ್ಸನ್ನು ಗಣನೆಗೆ ತಂದುಕೊಂಡು ಪಾಠದ ಕ್ರಮವನ್ನು ಹೊಂದಿಸುವುದು ಗುರುವಿನ ಕರ್ತವ್ಯ.

ಹಾಗಾದರೆ ಯಾವಾಗ ಬಿಡಬೇಕು? ಹಾಡಿದ ಮೇಲೆ ಗಂಟಲು ನೋಯುತ್ತಿದ್ದು, ತಿಂಗಳುಗಟ್ಟಲೆ ಹೇಳಿದರೂ ಗುರು ಅದನ್ನು ಲೆಕ್ಕಿಸದಿದ್ದರೆ ಬಿಡಬೇಕು. ತಿಕೋಟಾ ಕಡೆಯ ಶಿಕ್ಷಕಿಯೊಬ್ಬರು ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಊರಿಗೆ ಬಂದು ಕಲಿಯುತ್ತಿದ್ದರು. ಗುರುಗಳು ಕಪ್ಪು ಒಂದರ ಪಟ್ಟಿಯಲ್ಲಿ ಹಾಡುವವರು. ಶಿಷ್ಯೆಯೂ ಅದೇ ಪಟ್ಟಿಗೆ ಹಾಡಬೇಕು. ಗಂಡಸಿನ ಪಟ್ಟಿಯನ್ನು ಹೆಂಗಸು ಒಂದು ಸಪ್ತಕ ಮೇಲೆ ಹಿಡಿದಾಗ ತಾರ ಷಡ್ಜವನ್ನು ದಾಟುವಷ್ಟರಲ್ಲಿ ಕತ್ತಿನ ನರ ಬಿಗಿಯುತ್ತದೆ. ಹೆಂಗಸರು ಸಾಮಾನ್ಯವಾಗಿ ನಾಲ್ಕೈದು ಸ್ವರಗಳಷ್ಟು ಬೇರೆಯಾದ ಪಟ್ಟಿಯಲ್ಲಿ ಹಾಡುವುದು ಇದಕ್ಕಾಗಿಯೇ. ದಿನವೆಲ್ಲ ತರಗತಿಯಲ್ಲಿ ಮಾತಾಡಿ ದಣಿದ ಆ ಕಂಠ ಆರು ತಿಂಗಳಲ್ಲಿ ಗೊಗ್ಗರಾಯಿತು. ಮಾತು ನಿಲ್ಲಿಸಿ ವಿಶ್ರಾಂತಿ ಪಡೆಯಿರೆಂದು ವೈದ್ಯರು ಹೇಳಿದರು. ಆಕೆ ಅಳುಕುತ್ತಲೇ ಗುರುಗಳಿಗೆ ವಿಷಯ ತಿಳಿಸಿದರು. ಅವರು ಸಿಟ್ಟಾಗಲಿಲ್ಲ. "ನನ್ನ ಪಟ್ಟಿ ಬಿಟ್ಟು ಕಲಸೂದು ನನಗ ಬರಂಗಿಲ್ಲ ಅಕ್ಕಾರ. ನೀವು ಹೆಣ್ಣುಮಕ್ಕಳ ಕಡೆ ಹೋಗಿ ಕಲೀರಿ," ಎಂದು ತಾವೇ ಒಬ್ಬ ಗಾಯಕಿಯ ಹೆಸರು ಹೇಳಿದರು. ಸಾರವಾಡದ ದಾರಿ ತೋರಿದ ಅವಧೂತರ ವಂಶ ನಮ್ಮಲ್ಲಿ ಇನ್ನೂ ಅಳಿದಿಲ್ಲ.

ಗುರು ತಿದ್ದುವುದನ್ನು ನಿಲ್ಲಿಸಿದ್ದರೂ ಬಿಡಬೇಕು. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಕೂಗಿದವರಿಗೆಲ್ಲ ತಮ್ಮ ದನಿ ಅನೇಕ ಮಡಿಯಾಗಿ, ದುಂಡಗಾಗಿ ಮರಳಿ ಕೇಳುತ್ತದೆ. ಕಾಗೆಯ ಕಂಠದವನಿಗೂ ಅಲ್ಲಿ ತಾನು ಗಂಧರ್ವನೆಂಬ ಭ್ರಮೆ ಹುಟ್ಟುತ್ತದೆ. ಶುಲ್ಕ ಕೊಡುವ ಹಿರಿಯರನ್ನು ನೋಯಿಸಬಾರದೆಂದು "ವಾಹ್ವಾ, ಬಹಳ ಛಲೋ ಆತು" ಎಂದಷ್ಟೇ ಹೇಳುವ ಮಾಸ್ತರರು ಆ ಮೊಗಸಾಲೆಯ ಗೋಡೆಯಿದ್ದಂತೆ. ಅಲ್ಲಿ ಪಾಠವಿಲ್ಲ, ಪ್ರತಿಧ್ವನಿ ಮಾತ್ರ ಇದೆ. ಪರೀಕ್ಷೆಗೆಂದು ಚೀಜುಗಳನ್ನು ಬರೆಯಿಸಿ ಕಂಠಪಾಠ ಮಾಡಿಸುವುದಷ್ಟೇ ನಡೆದಿದ್ದರೂ ಅಷ್ಟೇ. ತಪ್ಪಿಗೆ ನಕ್ಕು ಹೀಯಾಳಿಸುವವರನ್ನು ಬಿಡುವುದಕ್ಕಂತೂ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಬೇಸರ ಬಂದಿತೆಂದು, ಜೊತೆಯವನು ಮಾರುಬಿಹಾಗ ಕಲಿತ, ನಾನಿನ್ನೂ ಯಮನದಲ್ಲಿಯೇ ಇದ್ದೇನೆಂದು ಬಿಡುವುದು ಸಲ್ಲದು. ರಾಗಗಳ ಪಟ್ಟಿ ಉದ್ದವಾದ ಮಾತ್ರಕ್ಕೆ ಸಂಗೀತ ಬೆಳೆಯುವುದಿಲ್ಲ.

ನಾನೂ ನಿವೃತ್ತನಾದ ಮೇಲೆ ಕಲಿಯತೊಡಗಿದವನಾದುದರಿಂದ ಈ ಪ್ರಶ್ನೆಯನ್ನು ದೂರದಿಂದ ಕಂಡವನಲ್ಲ. ನನಗೆ ಕಲಿಸುವವರು ಎಪ್ಪತ್ತು ದಾಟಿದವರು. ನಾಟಕ ಕಂಪನಿಗಳಲ್ಲಿ ಪೇಟಿ ನುಡಿಸಿ ಬಾಳು ಸವೆಸಿದವರು. ಕಣ್ಣು ಮಂಜಾಗಿದೆ, ಶಿಷ್ಯರು ಬೆರಳೆಣಿಕೆಯಷ್ಟು. ಮೂರು ವರ್ಷಗಳ ತರುವಾಯ ಸ್ನೇಹಿತರೊಬ್ಬರು, ಧಾರವಾಡದಿಂದ ವಾರಕ್ಕೊಮ್ಮೆ ಬರುವ ಒಬ್ಬ ವಿದ್ವಾಂಸರಲ್ಲಿ ಸೇರಲು ನನ್ನನ್ನು ಒತ್ತಾಯಿಸಿದರು. "ಪೇಟಿಯ ಮೇಲೆ ಕಲಿತ ಸ್ವರ ಎಂದಿಗೂ ನಿಜವಾದ ಸ್ವರವಲ್ಲ," ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಪೇಟಿಯ ಮನೆಗಳು ಅಲುಗದೆ ನಿಂತವು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡನ್ನು ಅದು ಕೊಡಲಾರದು. ಈ ಕಾರಣಗಳನ್ನು ಮುಂದಿಟ್ಟೇ ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಪೇಟಿಯನ್ನು ಹೊರಗಿಟ್ಟಿತ್ತು. ಆ ವಿದ್ವಾಂಸರ ಪಾಠಕ್ಕೆ ಒಮ್ಮೆ ಹೋಗಿ ಕುಳಿತು ಬಂದೆ. ನಾಲ್ಕು ತಂತಿಯ ಮಿರಜದ ತಂಬೂರಿ, ಶ್ರುತಿಶುದ್ಧವಾದ ಆಲಾಪ, ಶಾಸ್ತ್ರದ ತಿಳಿವಳಿಕೆ, ಎಲ್ಲವೂ ಅಲ್ಲಿತ್ತು. ಮನಸ್ಸು ಆ ಕಡೆಗೆ ವಾಲಿತು.

ಆಗ ನನ್ನನ್ನು ತಡೆದದ್ದು ಮೊದಲಿಗೆ ಮರುಕ. ನಾನೂ ಹೋದರೆ ಈ ವೃದ್ಧರ ಮನಸ್ಸಿಗೆ ಏನಾದೀತು? ಅವರ ಸಂಸಾರಕ್ಕೆ ನಾನು ಕೊಡುವ ಶುಲ್ಕವೂ ಒಂದು ಆಸರೆಯಲ್ಲವೆ? ಹಲವು ದಿನ ಯೋಚಿಸಿದ ಮೇಲೆ ಒಂದು ಮಾತು ಸ್ಪಷ್ಟವಾಯಿತು: ಮರುಕದಿಂದ ಉಳಿಯುವುದು ಗುರುವಿಗೆ ಮಾಡುವ ಅಪಮಾನ. ಅವರು ನನಗೆ ವಿದ್ಯೆಯನ್ನು ಕೊಡುತ್ತಿದ್ದಾರೆ. ನಾನು ಅವರಿಗೆ ಭಿಕ್ಷೆ ನೀಡುತ್ತಿರುವೆನೆಂದು ಎಣಿಸಿದರೆ ಆ ಕ್ಷಣಕ್ಕೆ ನಾನು ಶಿಷ್ಯನಾಗಿ ಉಳಿಯುವುದಿಲ್ಲ. ಉಳಿಯುವುದಾದರೆ ಕಲಿಯುವುದಕ್ಕಾಗಿ ಉಳಿಯಬೇಕು, ಹೋಗುವುದಾದರೆ ಕಲಿಯುವುದಕ್ಕಾಗಿ ಹೋಗಬೇಕು. ಹಣದ ನೆರವು ಬೇಕಾದರೆ ಅದನ್ನು ಬೇರೆ ಬಗೆಯಿಂದ, ಗೌರವದಿಂದ ಸಲ್ಲಿಸಬಹುದು.

ಒಂದು ದಿನ ಪಾಠ ಮುಗಿದ ಮೇಲೆ ಅವರಿಗೇ ವಿಷಯವನ್ನು ತಿಳಿಸಿದೆ. ಸ್ನೇಹಿತರ ವಾದವನ್ನೂ ಮುಚ್ಚಿಡದೆ ಹೇಳಿದೆ. ಅವರು ಪೇಟಿಯ ಭಾತೆಯನ್ನು ನಿಧಾನವಾಗಿ ಮುಚ್ಚಿ ಕೇಳಿದರು: "ಯಮನ ನಿಮಗ ಸಾಕಾಗೈತಿ ಅಂತೀರಿ ಸರ. ನೀವು ಯಮನಕ್ಕ ಸಾಕಾಗೀರೇನು, ಅಷ್ಟ ಹೇಳ್ರಿ." ಮೂಲೆಯಲ್ಲಿದ್ದ ತಂಬೂರಿಯನ್ನು ತರಿಸಿ, ಪೇಟಿಯ ಆಸರೆಯಿಲ್ಲದೆ ಹಾಡಲು ಹೇಳಿದರು. ಹಾಡಿದೆ. ಷಡ್ಜ ನಿಂತಿತು, ಪಂಚಮ ನಿಂತಿತು. ಯಮನದ ಜೀವವಾದ ಗಾಂಧಾರ ಮಾತ್ರ ತೂಗುಯ್ಯಾಲೆಯಾಡಿತು. ಮಂಜುಗಣ್ಣಿನ ಆ ಹಿರಿಯರು ನನ್ನ ಗಾಂಧಾರ ಯಾವ ಕಡೆಗೆ ಎಷ್ಟು ಸರಿಯಿತೆಂಬುದನ್ನು ಕೈಸನ್ನೆಯಿಂದಲೇ ತೋರಿಸಿದರು. ಪೇಟಿ ನುಡಿಸುವ ಕೈಯ ಹಿಂದೆ ಪೇಟಿಯನ್ನು ಮೀರಿದ ಕಿವಿಯೊಂದು ಇತ್ತು. ಅಂದಿನಿಂದ ನಮ್ಮ ಪಾಠದಲ್ಲಿ ಪೇಟಿ ಮುಚ್ಚಿಯೇ ಇರುತ್ತದೆ. ಒಂದು ವರ್ಷ ಅವರಲ್ಲಿಯೇ ಉಳಿಯುವೆನೆಂದು ನಿಶ್ಚಯಿಸಿದ್ದೇನೆ. ವರ್ಷದ ಮೇಲೆ ಇದೇ ಪ್ರಶ್ನೆಯನ್ನು ಮತ್ತೆ ಕೇಳುವುದಕ್ಕೆ ಅವರ ಒಪ್ಪಿಗೆಯೂ ಇದೆ.

ನನ್ನ ನಿರ್ಣಯವನ್ನು ಇತರರಿಗೆ ಮಾದರಿಯೆಂದು ಮುಂದಿಡುವುದಿಲ್ಲ. ತಿಕೋಟಾ ಕಡೆಯ ಆ ಶಿಕ್ಷಕಿ ಹೋದದ್ದು ಸರಿ, ನಾನು ಉಳಿದದ್ದು ಸರಿ. ಇಬ್ಬರಿಗೂ ದಾರಿ ತಿಳಿದದ್ದು ಗುರುವಿನ ಮುಂದೆ ಬಾಯಿಬಿಟ್ಟು ಮಾತಾಡಿದ್ದರಿಂದ. ನಮ್ಮಲ್ಲಿ ಬಹುಜನರು ಹಾಗೆ ಮಾಡುವುದಿಲ್ಲ. ಮೊದಲು ಒಂದು ವಾರ ನೆಗಡಿ, ಆ ಮೇಲೆ ಒಂದು ವಾರ ನೆಂಟರ ಮದುವೆ, ಅನಂತರ ಫೋನು ಎತ್ತುವುದನ್ನೇ ಬಿಡುವುದು. ಗುರು ಬಾಗಿಲು ತೆರೆದಿಟ್ಟು ಕಾಯುತ್ತಾನೆ. ಶಿಷ್ಯ ಆ ಓಣಿಯನ್ನೇ ತಪ್ಪಿಸಿ ತಿರುಗಾಡುತ್ತಾನೆ. ಎದುರಿಗೆ ಹೇಳಿ ಹೋದವನು ಹಬ್ಬಕ್ಕೆ ಬಂದು ಕಾಲಿಗೆರಗಬಹುದು. ಮರೆಯಲ್ಲಿ ಹೋದವನು ತಾನು ಕಲಿತ ಹಾಡನ್ನೇ ನಿಶ್ಚಿಂತೆಯಿಂದ ಹಾಡಲಾರ. ಹೋಗುವವರು ಇದ್ದ ಕಾರಣವನ್ನು ಇದ್ದಂತೆ ಹೇಳಲಿ, ಶುಲ್ಕದ ಬಾಕಿಯಿದ್ದರೆ ತೀರಿಸಲಿ, ಹೊಸ ಗುರುವಿನ ಮುಂದೆ ಹಳೆಯ ಗುರುವನ್ನು ನಿಂದಿಸದಿರಲಿ. ಹೊಸ ಗುರುವೇ ಅಂಥ ನಿಂದೆಯನ್ನು ಬಯಸಿ ಕೇಳಿದರೆ ಆ ಮನೆಯ ಮೆಟ್ಟಿಲನ್ನು ಇಳಿಯುವುದು ಲೇಸು.

ಗುರುಗಳಾದವರಲ್ಲಿಯೂ ಒಂದು ವಿಜ್ಞಾಪನೆಯಿದೆ. ವಯಸ್ಸಾದವನು ನಿಮ್ಮ ಬಾಗಿಲಿಗೆ ಬರುವಾಗ ಜೀವನದಲ್ಲಿ ಗಳಿಸಿದ ಪದವಿ ಪ್ರತಿಷ್ಠೆಗಳನ್ನು ಚಪ್ಪಲಿಯ ಜೊತೆಗೆ ಹೊರಗೆ ಬಿಟ್ಟು ಬಂದಿರುತ್ತಾನೆ. ಅವನಿಗೆ ಉಳಿದಿರುವ ವರ್ಷಗಳು ಎಣಿಕೆಯವು. ನಿಮ್ಮಲ್ಲಿರುವುದನ್ನು ಕೊಡಿರಿ, ತಪ್ಪಿದಲ್ಲಿ ತಿದ್ದಿರಿ, ಇಲ್ಲದಿರುವುದು ಎಲ್ಲಿದೆಯೆಂಬುದನ್ನು ತೋರಿಸಿರಿ. ಶಿಷ್ಯನನ್ನು ಕಳಿಸಿಕೊಟ್ಟ ಗುರುವಿಗೆ ನಷ್ಟವಾದುದನ್ನು ನಾನು ಕಾಣೆ. ಸಾರವಾಡಕ್ಕೆ ಹೋಗೆಂದು ಹೇಳಿದ ಅವಧೂತರ ಹೆಸರನ್ನು ಮೂರು ನೂರು ವರ್ಷಗಳ ಮೇಲೆಯೂ ಕಾಖಂಡಕಿಯ ಜನ ಭಾಸ್ಕರಸ್ವಾಮಿಗಳ ಹೆಸರಿನೊಡನೆಯೇ ಹೇಳುತ್ತ ಬಂದಿದ್ದಾರೆ.